ನಟಿಯ ನುಡಿ, ನೋಡುವವರ ಋಣ

ಕಲಾವಿದರು ತಾಯ್ನುಡಿಗೆ ಋಣಿಗಳೇ? ಹೌದಾದರೆ, ಆ ಋಣವನ್ನು ತೀರಿಸಬೇಕಾದವರು ಅವರೊಬ್ಬರೇ? ಸಣ್ಣ ನುಡಿಯ ಮಕ್ಕಳು ದೊಡ್ಡ ನುಡಿಯ ರಂಗದಲ್ಲಿ ಹೆಸರು ಪಡೆದಾಗಲೆಲ್ಲ ಏಳುವ ಪ್ರಶ್ನೆ ಇದು. ವೇಲ್ಸ್ ದೇಶದ ನಟಿ ಶಾನ್ ಫಿಲಿಪ್ಸ್‌ಳ ಬಾಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ಲೇಸೆಂದು ನನಗೆ ತೋರುತ್ತದೆ.

ಈಕೆ ಹುಟ್ಟಿದ್ದು 1933ರಲ್ಲಿ, ದಕ್ಷಿಣ ವೇಲ್ಸಿನ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ. ಮನೆಮಾತು ವೆಲ್ಷ್, ಇಂಗ್ಲಿಷು ಆಮೇಲೆ ಕಲಿತದ್ದು. ಹನ್ನೊಂದನೆಯ ವಯಸ್ಸಿಗೇ ಬಾನುಲಿಯಲ್ಲಿ ಪಾತ್ರ ವಹಿಸಿದಳು. ಮುಂದೆ ಲಂಡನ್ನಿಗೆ ಹೋಗಿ ಅಭಿನಯ ಕಲಿತು, 1957ರಲ್ಲಿ ಇಬ್ಸನ್ನನ ಹೆಡ್ಡಾ ಗ್ಯಾಬ್ಲರಳಾಗಿ ರಂಗವೇರಿದಳು. 1976ರ ‘ಐ, ಕ್ಲಾಡಿಯಸ್’ ದೂರದರ್ಶನ ಮಾಲಿಕೆಯಲ್ಲಿ, ಮಗನ ಪಟ್ಟಕ್ಕಾಗಿ ವಿಷಕ್ಕೂ ಹೇಸದ ರೋಮಿನ ರಾಣಿ ಲಿವಿಯಾಳಾಗಿ ಮನೆಮಾತಾದಳು. ಅದನ್ನು ನೋಡಿದ ಲಕ್ಷಾಂತರ ಜನರಲ್ಲಿ, ಆ ರಾಣಿಯ ತಾಯ್ನುಡಿ ವೆಲ್ಷ್ ಎಂದು ನೆನೆದವರು ಎಷ್ಟು ಮಂದಿ ಇದ್ದಾರು?

ಇಂಥವರನ್ನು ‘ನುಡಿಯನ್ನು ತೊರೆದವರು’ ಎಂದು ದೂರುವವರು ಎಲ್ಲ ನಾಡುಗಳಲ್ಲೂ ಉಂಟು. ಆದರೆ ಆಕೆ ಲಂಡನ್ನಿಗೆ ಹೊರಟ ಕಾಲದಲ್ಲಿ ವೆಲ್ಷ್ ನುಡಿಗೆಂದೇ ಒಂದು ದೂರದರ್ಶನ ವಾಹಿನಿ ಇರಲಿಲ್ಲ. ದಾರಿ ಒಂದೇ ಇದ್ದಲ್ಲಿ ಅದರಲ್ಲಿ ನಡೆದವರಿಗೆ ಪಾಪವನ್ನು ಹೊರಿಸುವುದು ನ್ಯಾಯವಲ್ಲ. ಆಯ್ಕೆ ಇದ್ದಲ್ಲಿ ಮಾತ್ರ ಧರ್ಮಾಧರ್ಮಗಳ ಮಾತು.

ಎಲ್ಲರೂ ಹೀಗೆ ಹೊರಟುಬಿಟ್ಟರೆ ದಾರಿ ಕಡಿಯುವವರು ಯಾರು ಎಂದು ಕೇಳಬಹುದು. ಕೇಳಬೇಕಾದ ಮಾತೇ. ವೇಲ್ಸಿನಲ್ಲಿ ಆ ದಾರಿಯನ್ನು ಕಡಿದವರು ನಟರಲ್ಲ, ನಾಗರಿಕರು. ವೆಲ್ಷ್ ವಾಹಿನಿಯ ಮಾತಿಗೆ ಸರ್ಕಾರ ತಪ್ಪಿದಾಗ, 1980ರಲ್ಲಿ ಗ್ವಿನ್‌ವೋರ್ ಎವನ್ಸ್ ಆಮರಣ ಉಪವಾಸ ಹೂಡುವುದಾಗಿ ಸಾರಿದರು. ಸರ್ಕಾರ ಮಣಿಯಿತು, 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ವಾಹಿನಿ ಆರಂಭವಾಯಿತು.

ಅದರ ಫಲವನ್ನು ಮುಂದಿನ ತಲೆಮಾರಿನ ನಟಿ ಮಾಲಿ ಹ್ಯಾರೀಸ್ ಉಂಡಳು. 2013ರಲ್ಲಿ ಮೊದಲಾದ ಪತ್ತೇದಾರಿ ಮಾಲಿಕೆಯೊಂದರಲ್ಲಿ ಆಕೆ ಪ್ರತಿ ದೃಶ್ಯವನ್ನೂ ಎರಡು ಸಲ ಅಭಿನಯಿಸಿದಳು: ಒಮ್ಮೆ ವೆಲ್ಷಿನಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ. ವೆಲ್ಷಿನಲ್ಲಿ ಅದರ ಹೆಸರಿಗೆ ‘ಮುಚ್ಚಂಜೆ’ ಎಂದರ್ಥ; ಇಂಗ್ಲಿಷಿನಲ್ಲಿ ‘ಹಿಂಟರ್‌ಲ್ಯಾಂಡ್’. ಎರಡನೆಯದು ಮೊದಲನೆಯದರ ನಕಲಲ್ಲ. ಮಾತಿನ ಒತ್ತು ಬೇರೆ ಕಡೆ ಬಿದ್ದರೆ ಉಸಿರು ನಿಲ್ಲುವ ಜಾಗವೂ ಬೇರೆಯಾಗುತ್ತದೆ. ದುಃಖಕ್ಕೂ ಬೇರೆ ಮುಖ ಬರುತ್ತದೆ. ದುಡಿಮೆ ಇಮ್ಮಡಿಯಾಯಿತು, ನಿಜ. ಆದರೆ ಎರಡರಲ್ಲಿ ಒಂದನ್ನು ಬಿಡಬೇಕಾದ ಕಷ್ಟ ತಪ್ಪಿತು.

ಇದರಿಂದ ವೆಲ್ಷ್ ನುಡಿ ಗೆದ್ದಿತೆಂದು ನಾನು ಹೇಳಲಾರೆ. 1911ರಲ್ಲಿ ನೂರಕ್ಕೆ ಸುಮಾರು 43 ಜನ ಆಡುತ್ತಿದ್ದ ಮಾತನ್ನು 2021ರ ಜನಗಣತಿಯಲ್ಲಿ ಆಡಬಲ್ಲೆವೆಂದವರು ನೂರಕ್ಕೆ 18 ಜನರೂ ಇಲ್ಲ. ನಟಿಯೊಬ್ಬಳ ಕೀರ್ತಿ ನುಡಿಯನ್ನು ಉಳಿಸಲಾರದು. ಆಕೆಯ ನಿರ್ಗಮನ ಅದನ್ನು ಕೊಲ್ಲಲೂ ಆರದು. ನುಡಿಯನ್ನು ಉಳಿಸುವವರು ಅದನ್ನು ಮನೆಯಲ್ಲಿ ಆಡುವವರು, ಅದರ ಆಟಕ್ಕೆ ಟಿಕೀಟು ಕೊಳ್ಳುವವರು. ಕಲಾವಿದರಲ್ಲಿ ನಿಷ್ಠೆಯನ್ನು ಬೇಡುವ ಮುನ್ನ, ನಮ್ಮ ಪಾಲಿನ ಋಣವನ್ನು ನಾವೆಷ್ಟು ಸಲ್ಲಿಸಿದ್ದೇವೆಂದು ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು.