ಕತ್ತರಿಯಿಂದ ಉದುರಿದ ತುಂಡು

ಸವೆದ ಬಟ್ಟೆಯನ್ನು ಎಸೆಯದೆ ಹೊದಿಕೆ ಮಾಡಿಕೊಳ್ಳುವುದು ನಮ್ಮ ಹಿರಿಯರ ಮನೆಗಳಲ್ಲಿ ಸಾಮಾನ್ಯವಾಗಿತ್ತು. ಉತ್ತರ ಕರ್ನಾಟಕದಲ್ಲಿ ಅದನ್ನು ಕೌದಿ ಎನ್ನುತ್ತಾರೆ. ನಮ್ಮ ಉರ್ದು ಮನೆಗಳಲ್ಲಿ ಗೋದಡಿ ಎನ್ನುವುದುಂಟು. ಅಜ್ಜಿಯ ಹತ್ತಿ ಸೀರೆ, ಅಬ್ಬಾರ ಲುಂಗಿ, ಮಗನಿಗೆ ಗಿಡ್ಡವಾದ ಅಂಗಿ ಎಲ್ಲವನ್ನೂ ಒಂದರ ಮೇಲೊಂದು ಹಾಸಿ ಸಾಲು ಸಾಲಾಗಿ ಕೈಹೊಲಿಗೆ ಹಾಕಿದರೆ ಹತ್ತು ಚಳಿಗಾಲಕ್ಕೆ ಚಿಂತೆಯಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಈ ಕೆಲಸಕ್ಕೆ ಪ್ರಸಿದ್ಧರು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಇವರು. ಇವರಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. ಮೂರೂ ಕಡೆ ಕೌದಿ ಇದೆ. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ತುಂಡುಗಳನ್ನು ಹೂವಿನಂತೆ ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬರಿದಾಗಿ ಕಾಣುತ್ತದೆಂದು ಅವರ ಭಾವನೆ. ಹಸುಗೂಸುಗಳಿಗೆಂದೇ ಪುಟ್ಟ ಕೌದಿಗಳನ್ನೂ ಹೊಲಿಯುತ್ತಾರೆ.

ಇಂತಹ ಕೌದಿಯಲ್ಲಿ ಒಂದೊಂದು ತುಂಡಿಗೂ ಗುರುತಿದೆ. ಇದು ಯಾರ ಸೀರೆ, ಯಾವ ಹಬ್ಬದ ಅಂಗಿ ಎಂದು ಮನೆಯವರು ಬೆರಳಿಟ್ಟು ಹೇಳಬಲ್ಲರು. ಬಟ್ಟೆ ಮನೆಯದೇ ಆದುದರಿಂದ ನಾನು ಇಲ್ಲಿ ಎತ್ತಲಿರುವ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಅದು ಹುಟ್ಟುವುದು ಹೊಲಿಗೆ ಯಂತ್ರವಿರುವ ಮನೆಯಲ್ಲಿ.

ನನ್ನ ನಾದಿನಿ ಮನೆಯಲ್ಲೇ ಕುಳಿತು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಾಳೆ. ಕತ್ತರಿಸಿ ಉಳಿದ ತುಂಡುಗಳನ್ನು ಗೋಧಿಹಿಟ್ಟಿನ ಖಾಲಿ ಚೀಲದಲ್ಲಿ ತುಂಬಿಡುವುದು ಆಕೆಯ ರೂಢಿ. ಕಳೆದ ವರ್ಷ ಬಿಡುವಿನ ವೇಳೆಯಲ್ಲಿ ಅವುಗಳನ್ನು ಜೋಡಿಸಿ ಪುಟ್ಟ ಕೌದಿಗಳನ್ನು ಹೊಲಿಯತೊಡಗಿದಳು. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಅಡಿಗೆ ಹಳೆಯ ಸೀರೆ, ಮೇಲೆ ಬಣ್ಣ ಬಣ್ಣದ ಚೂರುಗಳು. ಮೊದಲನೆಯದನ್ನು ನಮ್ಮ ಬೀದಿಯ ಬಡ ಬಾಣಂತಿಯೋರ್ವಳಿಗೆ ಕೊಟ್ಟಳು. ನಾವೆಲ್ಲ ಸಂತೋಷಪಟ್ಟೆವು.

ಮಗು ನೋಡಲು ಹೋದ ಹಿರಿಯ ಮಹಿಳೆಯೋರ್ವರು ಆ ಕೌದಿಯನ್ನು ಕಂಡರು. ಮರುದಿನ ನಾದಿನಿಯೊಂದಿಗೆ ನಗುತ್ತಲೇ ಕೇಳಿದರು: "ಅಲ್ಲಮ್ಮಾ, ಅದರಲ್ಲಿರುವುದು ನನ್ನ ಮಗಳ ಚೂಡಿದಾರದ ಬಟ್ಟೆಯಲ್ಲವೇ? ತೋಳು ಉದ್ದ ಮಾಡಲು ಸಾಲದು ಎಂದಿದ್ದೆಯಲ್ಲ!"

ಸಾಲದಿದ್ದುದು ನಿಜ. ಉಳಿದವುಗಳೆಲ್ಲ ಅಡ್ಡಾದಿಡ್ಡಿ ಚೂರುಗಳು, ತೋಳಿನ ಉದ್ದಕ್ಕೆ ಒಂದೂ ಒದಗುವಂತಿರಲಿಲ್ಲ. ಅವರಿಗೂ ಅದು ಅರ್ಥವಾಯಿತು. ಆದರೆ ನಾದಿನಿಯ ಮುಖ ಬಾಡಿತು. ರಾತ್ರಿ ನನ್ನ ಬಳಿ ಬಂದು, "ಭಾಭಿ, ಆ ಚೀಲದಲ್ಲಿರುವ ಬಟ್ಟೆ ನನ್ನದೇ?" ಎಂದು ಕೇಳಿದಳು. ಇಷ್ಟು ಚಿಕ್ಕದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೇ ಎಂದು ನಾನು ತಳ್ಳಿಹಾಕಿದೆ. ಹಾಗೆ ಹೇಳಬಾರದಿತ್ತು.

ಬಳಕೆಗೆ ಬರುವುದನ್ನು ಹಾಳುಮಾಡಬಾರದೆಂಬುದು ಇಸ್ಲಾಮಿನ ಸ್ಪಷ್ಟ ಶಿಕ್ಷಣ. ಕೈಯಿಂದ ಜಾರಿದ ತುತ್ತನ್ನು ಒರೆಸಿ ತಿನ್ನಲು ಪ್ರವಾದಿ(ಸ) ಕಲಿಸಿದರು. ಸತ್ತು ಬಿದ್ದ ಆಡೊಂದನ್ನು ಕಂಡು, ಅದರ ಚರ್ಮವನ್ನು ಹದಮಾಡಿ ಯಾಕೆ ಬಳಸಲಿಲ್ಲವೆಂದು ವಿಚಾರಿಸಿದರು. ಹಝ್ರತ್ ಉಮರ್(ರ) ಆಡಳಿತ ನಡೆಸುತ್ತಿದ್ದಾಗ ಅವರ ಅಂಗಿಯ ಹೆಗಲ ನಡುವೆ ಒಂದರ ಮೇಲೊಂದು ಮೂರು ತೇಪೆಗಳಿದ್ದುದನ್ನು ಹಝ್ರತ್ ಅನಸ್(ರ) ಕಂಡಿದ್ದರು. ಇವನ್ನೆಲ್ಲ ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ದಾರಿಯಲ್ಲಿ ಬಿದ್ದಿದ್ದ ಒಂದು ಖರ್ಜೂರವನ್ನು ಕಂಡು ಪ್ರವಾದಿ(ಸ) ಅದನ್ನು ತಿನ್ನದೆ ಬಿಟ್ಟರು. ಅದು ಸದಕಾದ ಖರ್ಜೂರ ಆಗಿರಬಹುದೆಂಬ ಅಂಜಿಕೆ ಇಲ್ಲದಿರುತ್ತಿದ್ದರೆ ತಿನ್ನುತ್ತಿದ್ದೆ ಎಂದರು. ತುತ್ತನ್ನು ಎತ್ತಿಕೊಳ್ಳಲು ಕಲಿಸಿದವರೇ ಖರ್ಜೂರವನ್ನು ಬಿಟ್ಟರು. ತುತ್ತು ತನ್ನದೇ ಬಟ್ಟಲಿನದು, ಖರ್ಜೂರ ಯಾರದೆಂದು ತಿಳಿಯದು.

ಹಿಜರಿ 8ರಲ್ಲಿ ಹುನೈನ್ ಯುದ್ಧದ ಬಳಿಕ ನಡೆದ ಘಟನೆಯೊಂದು ಅಬೂದಾವೂದ್‌ನಲ್ಲಿದೆ. ನಮ್ಮ ಪ್ರಶ್ನೆಗೆ ಅದಕ್ಕಿಂತ ಹತ್ತಿರದ್ದು ನನಗೆ ಸಿಗಲಿಲ್ಲ. ಯುದ್ಧದ ಸೊತ್ತು ಇನ್ನೂ ಹಂಚಿಕೆಯಾಗಿರಲಿಲ್ಲ. ಸೂಜಿಯನ್ನೂ ನೂಲನ್ನೂ ಸಹ ತಂದೊಪ್ಪಿಸಿರೆಂದು ಪ್ರವಾದಿ(ಸ) ಜನರಿಗೆ ತಿಳಿಸಿದರು. ಆಗ ಓರ್ವ ವ್ಯಕ್ತಿ ಕೂದಲ ನೂಲಿನ ಒಂದು ಉಂಡೆ ಹಿಡಿದುಕೊಂಡು ಎದ್ದುನಿಂತರು. ತನ್ನ ಸವಾರಿ ಪ್ರಾಣಿಯ ಬೆನ್ನಿಗೆ ಹಾಸುವ ಹಾಸನ್ನು ಸರಿಪಡಿಸಲು ಅದನ್ನು ತೆಗೆದುಕೊಂಡಿದ್ದೆ ಎಂದರು. ಹರಿದ ಹಾಸಿಗೆ ತೇಪೆ ಹಾಕಲು ಒಂದು ಹಿಡಿ ನೂಲು! ಅದರಲ್ಲಿ ತನಗೂ ತನ್ನ ಅಬ್ದುಲ್ ಮುತ್ತಲಿಬ್ ಮನೆತನಕ್ಕೂ ಸೇರಬೇಕಾದ ಪಾಲು ನಿನಗಿರಲಿ ಎಂದು ಪ್ರವಾದಿ(ಸ) ಉತ್ತರಿಸಿದರು. ಅಷ್ಟನ್ನೇ ಬಿಟ್ಟುಕೊಟ್ಟರು. ಉಳಿದವರ ಪಾಲನ್ನು ಅವರ ಪರವಾಗಿ ಬಿಟ್ಟುಕೊಡಲಿಲ್ಲ. ಮಾತು ಇಷ್ಟು ದೂರ ಹೋಗುವುದಾದರೆ ತನಗೆ ಇದರ ಅಗತ್ಯವೇ ಇಲ್ಲವೆಂದು ಆ ವ್ಯಕ್ತಿ ಉಂಡೆಯನ್ನು ಕೆಳಗೆ ಹಾಕಿಬಿಟ್ಟರು.

ಆ ನೂಲು ಸಾವಿರಾರು ಜನರಿಗೆ ಸೇರಿದ್ದು, ದರ್ಜಿಯ ತುಂಡು ಒಬ್ಬ ಗಿರಾಕಿಯದು ಎಂಬ ವ್ಯತ್ಯಾಸವಿದೆ. ಆದರೆ ಈ ವ್ಯತ್ಯಾಸ ನಮ್ಮ ಹೊಣೆಯನ್ನು ಹಗುರಗೊಳಿಸುವುದಿಲ್ಲ. ಒಬ್ಬರನ್ನು ಕೇಳುವುದು ಸುಲಭ.

ಇದಕ್ಕೊಂದು ಉತ್ತರ ಸಿದ್ಧವಿದೆ: ಚೂರು ಬಟ್ಟೆ ದರ್ಜಿಗೆ ಎಂಬುದು ಊರ ರೂಢಿ. ರೂಢಿಗೆ ಫಿಕ್‌ಹ್‌ನಲ್ಲಿ ಸ್ಥಾನವಿದೆ. ಎಲ್ಲರಿಗೂ ತಿಳಿದಿರುವ ರೂಢಿಯನ್ನು ಮಾತಿನಲ್ಲಿ ಒಪ್ಪಿಕೊಂಡ ಷರತ್ತಿನಂತೆಯೇ ಪರಿಗಣಿಸಬೇಕೆಂಬ ತತ್ವವನ್ನು 1876ರಲ್ಲಿ ಪೂರ್ಣಗೊಂಡ ಉಸ್ಮಾನೀ ಕಾನೂನು ಸಂಹಿತೆ 'ಮಜಲ್ಲಾ' ಕೂಡಾ ಸ್ವೀಕರಿಸಿತ್ತು. ಬೆರಳಗಲದ ಚೂರಿಗೆ ಈ ಉತ್ತರ ಸಾಕೆಂದು ನನಗನಿಸುತ್ತದೆ. ಅರ್ಧ ಮೀಟರು ಉಳಿದರೆ ಸಾಲದು. ಅದು ಚೂರಲ್ಲ, ಅಮಾನತ್. ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸಲು ಕುರ್‌ಆನ್ (ಅನ್ನಿಸಾ: 58) ಆದೇಶಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಗಿರಾಕಿಗಳು ಚೂರುಗಳನ್ನು ಬಿಟ್ಟುಹೋಗುತ್ತಿದ್ದುದು ಅವು ಕಸವೆಂದು ಭಾವಿಸಿ. ಅವುಗಳಿಂದ ಹೊದಿಕೆಯಾಗುತ್ತದೆ, ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದಾದ ಮೇಲೆ ಅವು ಕಸವಾಗಿ ಉಳಿಯುವುದಿಲ್ಲ. ಆಗ ಹಳೆಯ ರೂಢಿಯ ಅನುಮತಿ ಹೊಸ ಸ್ಥಿತಿಗೂ ಅನ್ವಯಿಸುತ್ತದೆಂದು ನಾವು ಒಬ್ಬರೇ ತೀರ್ಮಾನಿಸಬಹುದೇ? ಇದಕ್ಕಿಂತ ಸೂಕ್ಷ್ಮವಾದ ಅಪಾಯವನ್ನು ನಾದಿನಿಯೇ ಹೇಳಿದಳು. ಕೌದಿ ಹೊಲಿಯತೊಡಗಿದ ಬಳಿಕ ಬಟ್ಟೆ ಹಾಸಿ ಗೆರೆ ಎಳೆಯುವಾಗ ಆಕೆಯ ಕಣ್ಣು ಮೊದಲು ಉಳಿಯುವ ಭಾಗದ ಮೇಲೆ ಹೋಗುತ್ತಿತ್ತಂತೆ. ಅಂದವಾದ ಹೂವಿನ ಬಟ್ಟೆಯಾದರೆ, ಎರಡೂವರೆ ಮೀಟರು ಸಾಕಾಗುವಲ್ಲಿ ಮೂರು ತನ್ನಿ ಎನ್ನಲು ನಾಲಗೆ ತುರಿಸುತ್ತಿತ್ತಂತೆ. ಹೇಳಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಕತ್ತರಿ ಎತ್ತ ವಾಲಿತೆಂದು ನೋಡುವವರು ಅಲ್ಲಿ ಇನ್ನಾರೂ ಇರುವುದಿಲ್ಲ.

ಕೊಟ್ಟದ್ದು ಬಡವರಿಗಲ್ಲವೇ ಎನ್ನುವವರಿದ್ದಾರೆ. ಅಲ್ಲಾಹನು ಪರಿಶುದ್ಧನು, ಅವನು ಪರಿಶುದ್ಧವಾದುದನ್ನೇ ಸ್ವೀಕರಿಸುತ್ತಾನೆಂದು ಪ್ರವಾದಿ(ಸ) ಕಲಿಸಿರುವಾಗ ಆ ವಾದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇಷ್ಟಾದರೂ ಎಲ್ಲದರಲ್ಲೂ ಸಂಶಯ ಹುಡುಕುವ ವಸ್‌ವಾಸ್‌ನ್ನು ನಾನು ಸಮರ್ಥಿಸಲಾರೆ. ಬಗ್ದಾದಿನ ಮಹಿಳೆಯೋರ್ವಳು ಇಮಾಮ್ ಅಹ್ಮದ್ ಬಿನ್ ಹಂಬಲ್(ರ)ರ ಬಳಿ ಬಂದು, ತಾವು ಮಾಳಿಗೆಯಲ್ಲಿ ನೂಲುವಾಗ ಅಧಿಕಾರಿಗಳ ಪಂಜುಗಳು ಹಾದುಹೋಗುತ್ತವೆ, ಆ ಬೆಳಕಿನಲ್ಲಿ ನೂಲಬಹುದೇ ಎಂದು ಕೇಳಿದಳೆಂಬ ಕಥೆಯಿದೆ. ಇಮಾಮರು ಮೊದಲು ಅವಳು ಯಾರೆಂದು ವಿಚಾರಿಸಿದರು. ಬಿಶ್ರ್ ಅಲ್‌ಹಾಫಿಯವರ ಸಹೋದರಿ ಎಂದು ತಿಳಿದಾಗ ಕಣ್ಣೀರಿಟ್ಟು, ಹಾಗಾದರೆ ನೀನು ನೂಲಬೇಡ ಎಂದರಂತೆ. ಯಾರೆಂದು ಕೇಳಿದ್ದರಲ್ಲೇ ಅರ್ಥವಿದೆ. ಆ ಮಟ್ಟದ ಎಚ್ಚರವನ್ನು ಅವರು ಎಲ್ಲರ ಮೇಲೂ ಹೇರುತ್ತಿರಲಿಲ್ಲ. ನಾವು ಪಂಜಿನ ಬೆಳಕಿನ ಲೆಕ್ಕ ಇಡಬೇಕಾಗಿಲ್ಲ. ಕೈಗೆ ಸಿಗುವ, ಅಳೆಯಬಹುದಾದ ಬಟ್ಟೆಯ ಲೆಕ್ಕ ಇಟ್ಟರೆ ಸಾಕು.

ನಾದಿನಿ ಆ ಹಿರಿಯ ಮಹಿಳೆಯ ಮನೆಗೆ ಹೋಗಿ ಕ್ಷಮೆ ಕೇಳಿದಳು. ಅವರು ಚಹಾ ಕೊಟ್ಟು, ನಗೆಯಾಡಿದ್ದನ್ನು ನೀನು ಮನಸ್ಸಿಗೆ ಹಚ್ಚಿಕೊಂಡೆಯಾ ಎಂದು ನೊಂದುಕೊಂಡರು. ಚೀಲದಲ್ಲಿದ್ದ ಉಳಿದ ತುಂಡುಗಳು ಯಾರ್ಯಾರದೆಂದು ನೆನಪಿದ್ದಷ್ಟು ಜನರನ್ನು ಆಕೆ ಕೇಳಿದಳು. ಎಲ್ಲರೂ ಬಿಟ್ಟುಕೊಟ್ಟರು, ಕೆಲವರು ಗಲಿಬಿಲಿಗೊಂಡರು.

ಈಗ ಹೊಲಿದ ಬಟ್ಟೆಯ ಜೊತೆಗೆ ಅದರ ತುಂಡುಗಳನ್ನೂ ಒಂದು ದಾರದಲ್ಲಿ ಕಟ್ಟಿ ಕೊಡುತ್ತಾಳೆ. ಹೆಚ್ಚಿನವರು ಗಂಟನ್ನು ಮುಟ್ಟದೆ, ನೀನೇ ಇಟ್ಟುಕೋ, ಕೌದಿಗಾಗುತ್ತದೆ ಎಂದು ಹೇಳಿ ಹೋಗುತ್ತಾರೆ. ಮೊನ್ನೆ ಓರ್ವ ತಾಯಿ ಮಾತ್ರ ಅಲ್ಲೇ ಗಂಟು ಬಿಚ್ಚಿ, ಒಂದೊಂದೇ ತುಂಡನ್ನು ಮಡಿಲ ಮೇಲೆ ಹರಡಿ ನೋಡಿದಳು. ಮಗಳ ಗೊಂಬೆಗೆ ಒಂದು ಅಂಗಿಯಾಗುತ್ತದೆ ಎಂದು ಎಲ್ಲವನ್ನೂ ಒಯ್ದಳು.