ಹರ್ಬರ್ಟನ ಗಾಳಿಗಿರಣಿ

ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿದೆ. ಊರಂಚಿನ ಹ್ಯಾಬರ್ಡನ್ ಬಯಲಲ್ಲಿ ಈಗ ರಗ್ಬಿ ಆಡುತ್ತಾರೆ. 1191ರ ಸುಮಾರಿಗೆ ಹರ್ಬರ್ಟ್ ಎಂಬ ವಯಸ್ಸಾದ ಡೀನ್, ಅಂದರೆ ಹಿರಿಯ ಪಾದ್ರಿ, ಅಲ್ಲೊಂದು ಗಾಳಿಗಿರಣಿ ಕಟ್ಟಿಸಿದ. ಅದು ಬಿರುಗಾಳಿಗೆ ಉರುಳಲಿಲ್ಲ, ಬೆಂಕಿಗೂ ಸಿಗಲಿಲ್ಲ. ಕಟ್ಟಿಸಿದವನೇ ಅವಸರವಸರವಾಗಿ ಕೆಡವಿಸಿದ.

ಗಾಳಿಗಿರಣಿ ಆಗಿನ್ನೂ ಹೊಸದು. ಇಂಗ್ಲೆಂಡಿನ ದಾಖಲೆಗಳಲ್ಲಿ ಅದು ಖಚಿತವಾಗಿ ಕಾಣಿಸಿಕೊಳ್ಳುವುದೇ 1180ರ ದಶಕದಲ್ಲಿ. ಯಾರ್ಕ್‌ಷೈರಿನ ವೀಡ್ಲಿಯ ಗಿರಣಿ 1185ರ ಲೆಕ್ಕದಲ್ಲಿದೆ. ದಪ್ಪನೆಯ ಒಂದೇ ಮರದ ಕಂಬ, ಅದರ ನೆತ್ತಿಯ ಮೇಲೆ ಬೀಸುವ ಕಲ್ಲು, ಹಲ್ಲುಚಕ್ರಗಳನ್ನೆಲ್ಲ ಒಳಗಿಟ್ಟುಕೊಂಡ ಮರದ ಕೋಣೆ, ಕೋಣೆಯ ಮುಂದೆ ರೆಕ್ಕೆ. ಗಾಳಿ ದಿಕ್ಕು ಬದಲಿಸಿದರೆ ಹಿಂದಿನ ಉದ್ದನೆಯ ತೊಲೆಯನ್ನು ನೂಕಿ ಇಡೀ ಕೋಣೆಯನ್ನೇ ತಿರುಗಿಸಬೇಕು. ನೀರಿನ ಗಿರಣಿಗೆ ಹೊಳೆ ಬೇಕು, ಒಡ್ಡು ಬೇಕು, ಹೊಳೆಯ ಮೇಲೆ ಹಕ್ಕಿರುವ ಒಡೆಯನ ಅಪ್ಪಣೆ ಬೇಕು. ಗಾಳಿಗಿರಣಿಗಾದರೆ ಸ್ವಂತದ ತುಂಡು ದಿಬ್ಬವಿದ್ದರೆ ಸಾಕು. ಈ ಯಂತ್ರದ ನಿಜವಾದ ಹೊಸತನ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ.

ಊರು ಸೇಂಟ್ ಎಡ್ಮಂಡನ ಮಠದ್ದು. ಮಠಾಧಿಪತಿ ಸ್ಯಾಮ್ಸನ್ ಕೆಟ್ಟ ಆಡಳಿತಗಾರನೇನಲ್ಲ. ಸಾಲದಲ್ಲಿ ಮುಳುಗಿದ್ದ ಮಠವನ್ನು ಮೇಲೆತ್ತಿದವನು. ಆದಾಯದ ಒಂದು ಕಾಳೂ ಕೈತಪ್ಪಬಾರದು ಎಂಬ ಛಲ ಅವನದು. ಗಿರಣಿಯ ಸುದ್ದಿ ಕೇಳಿದ ದಿನ ಸಿಟ್ಟಿಗೆ ಅವನಿಗೆ ಊಟ ಇಳಿಯಲಿಲ್ಲ, ಮಾತೂ ಹೊರಡಲಿಲ್ಲ. ಮರುದಿನ ಪೂಜೆ ಮುಗಿಸಿ, ಬಡಗಿಗಳನ್ನು ಕಳಿಸಿ ಅದನ್ನು ಕೆಡವಿಸಬೇಕು, ಮರಮುಟ್ಟು ಜೋಪಾನವಾಗಿ ತೆಗೆದಿರಿಸಬೇಕು ಎಂದು ಅಪ್ಪಣೆ ಕೊಟ್ಟ.

ಹರ್ಬರ್ಟ್ ಓಡಿಬಂದ. ಗಿರಣಿ ನನ್ನದೇ ನೆಲದಲ್ಲಿದೆ, ನನ್ನ ಕಾಳನ್ನಷ್ಟೇ ಬೀಸಿಕೊಳ್ಳುತ್ತೇನೆ ಎಂದ. ಗಾಳಿಯಿಂದಾಗುವ ಉಪಯೋಗವನ್ನು ಯಾರಿಗೂ ಇಲ್ಲವೆನ್ನಲಾಗದು ಎಂತಲೂ ಹೇಳಿದ.

ಸ್ಯಾಮ್ಸನ್ ಕೊಟ್ಟ ಉತ್ತರ ಸಣ್ಣದಲ್ಲ. ನೀನು ಮಾಡಿದ ಉಪಕಾರ ನನ್ನ ಎರಡೂ ಪಾದ ಕಡಿದು ಹಾಕಿದಷ್ಟು ದೊಡ್ಡದು ಎಂದು ಅಬ್ಬರಿಸಿದ. ಗಿರಣಿ ಬೀಳುವ ತನಕ ರೊಟ್ಟಿ ಮುಟ್ಟುವುದಿಲ್ಲ ಎಂದು ಆಣೆಯಿಟ್ಟ. ಮಠದ ಒಪ್ಪಿಗೆಯಿಲ್ಲದೆ ಈ ಎಲ್ಲೆಯೊಳಗೆ ರಾಜನೂ ಏನನ್ನೂ ಬದಲಿಸುವಂತಿಲ್ಲ ಎಂದ. ಆಮೇಲೆ ಅಸಲು ಭಯ ಬಾಯಿಗೆ ಬಂತು: ಊರಿನವರು ನನ್ನ ಗಿರಣಿ ಬಿಟ್ಟು ನಿನ್ನ ಗಿರಣಿಗೇ ಓಡುತ್ತಾರೆ, ಅವರು ಯಾರ ಆಳೂ ಅಲ್ಲ, ಕಾನೂನಿನ ಪ್ರಕಾರ ನಾನವರನ್ನು ತಡೆಯಲಾರೆ. ಇಷ್ಟೆಲ್ಲ ಹೇಳಿದ ಮಠಾಧಿಪತಿ ಗಾಳಿಯ ಮಾತಿಗೆ ಮಾತ್ರ ಉತ್ತರ ಕೊಡಲೇ ಇಲ್ಲ. ಎಲ್ಲೆ ಯಾರದು, ನಷ್ಟ ಯಾರಿಗೆ ಎಂದು ಹೇಳಿದನೇ ಹೊರತು ಗಾಳಿ ಯಾರದು ಎಂದು ಹೇಳಲಿಲ್ಲ. ಅವನ ಬಳಿ ಉತ್ತರವಿರಲಿಲ್ಲ ಎಂದೇ ನಾನು ನಂಬುತ್ತೇನೆ.

ನೀನು ಮನೆ ಮುಟ್ಟುವುದರೊಳಗೆ ನಿನ್ನ ಗಿರಣಿಯ ಗತಿ ತಿಳಿಯುತ್ತದೆ ಎಂದು ಗದರಿಸಿ ಕಳಿಸಿದ. ಹೆದರಿದ ಹರ್ಬರ್ಟ್, ಮಗ ಸ್ಟೀಫನ್‌ನ ಸಲಹೆಯಂತೆ ತನ್ನ ಗಿರಣಿಯನ್ನು ತಾನೇ ಬೀಳಿಸಿದ. ಮಠದ ಆಳುಗಳು ಬಂದಾಗ ಕೆಡವಲು ಅಲ್ಲಿ ಏನೂ ಉಳಿದಿರಲಿಲ್ಲ.

ಈ ಪ್ರಸಂಗವನ್ನು ಬರೆದಿಟ್ಟವನು ಬ್ರೇಕ್‌ಲಂಡಿನ ಜೋಸಲಿನ್. ಅದೇ ಮಠದ ಸನ್ಯಾಸಿ, ಸ್ಯಾಮ್ಸನ್ನನ ಹತ್ತಿರವೇ ಇದ್ದವನು, ಅವನನ್ನು ಮೆಚ್ಚಿಕೊಂಡಿದ್ದವನು. ಆದರೂ ಎದುರಾಳಿಯ ಅತ್ಯುತ್ತಮ ವಾದವನ್ನು ಬಿಡದೆ ದಾಖಲಿಸಿದ. ಅವನ ಈ ಪ್ರಾಮಾಣಿಕತೆಗೆ ನಾನು ಋಣಿ. ಹರ್ಬರ್ಟನೂ ದೀನ ರೈತನಲ್ಲ, ಅನುಕೂಲಸ್ಥ ಪಾದ್ರಿ. ಅವನೇ ಕೇಳಿ ಪಡೆಯಲಾಗದ್ದನ್ನು ಹೊಲದ ಆಳು ಕೇಳುವುದೆಲ್ಲಿಂದ ಬಂತು? ಒಡೆಯನ ಗಿರಣಿಯಲ್ಲೇ ಬೀಸಿಸಬೇಕು, ಬೀಸಿದ್ದರಲ್ಲಿ ಅವನಿಗೆ ಪಾಲು ಬಿಡಬೇಕು ಎಂಬುದು ಒಕ್ಕಲಿನವರ ಮೇಲಿದ್ದ ಕಟ್ಟಳೆ. ಅದೇ 1190ರ ದಶಕದಲ್ಲಿ ಪೋಪ್ ಮೂರನೇ ಸೆಲೆಸ್ಟೈನ್ ಗಾಳಿಗಿರಣಿಯ ಗಳಿಕೆಯಲ್ಲೂ ಹತ್ತರಲ್ಲೊಂದು ಪಾಲು ಚರ್ಚಿಗೆ ಸಲ್ಲಬೇಕೆಂದು ತೀರ್ಪಿತ್ತ.

ಗಾಳಿಗಿರಣಿಯ ಮಾತಿರಲಿ, ಮನೆಯ ಬೀಸುಕಲ್ಲಿಗೂ ಬಿಡುಗಡೆಯಿರಲಿಲ್ಲ. ಸೇಂಟ್ ಆಲ್ಬನ್ಸ್ ಮಠದ ಅಧಿಪತಿ, ವಾಲಿಂಗ್‌ಫರ್ಡಿನ ರಿಚರ್ಡ್, ಖಗೋಳದ ಗಡಿಯಾರ ರೂಪಿಸಿದ ಮೇಧಾವಿ. 1330ರ ದಶಕದಲ್ಲಿ ಅವನು ಊರಿನ ಮನೆಮನೆಯ ಬೀಸುಕಲ್ಲುಗಳನ್ನು ವಶಪಡಿಸಿಕೊಂಡು ಮಠದ ಒಂದು ಕೋಣೆಯ ನೆಲಕ್ಕೆ ಹಾಸಿಸಿದ. ಮಕ್ಕಳಿಗೆ ಹಿಟ್ಟು ಬೀಸಿಕೊಟ್ಟ ಕಲ್ಲಿನ ಮೇಲೆ ಸನ್ಯಾಸಿಗಳು ಕಾಲಿಟ್ಟು ಓಡಾಡುವುದನ್ನು ಆ ಊರು ಮರೆಯಲಿಲ್ಲ. 1381ರಲ್ಲಿ ರೈತರ ದಂಗೆ ಎದ್ದಾಗ ಜನ ಮಠಕ್ಕೆ ನುಗ್ಗಿದರು. ನೆಲ ಅಗೆದು ಆ ಕಲ್ಲುಗಳನ್ನು ಎತ್ತಿದರು, ಒಡೆದರು, ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ ಚೂರುಗಳನ್ನು ಹಂಚಿಕೊಂಡು ಮನೆಗೆ ಒಯ್ದರು.