ಮೂರು ದಿನದ ಮನೆ

2014ರಲ್ಲಿ ನಾವು ತ್ಯಾಗರಾಜನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಮಗಳಿಗೆ ಬಸವನಗುಡಿಯ ಶಾಲೆಯೊಂದರಲ್ಲಿ ಸೀಟು ಸಿಕ್ಕಿತ್ತು. ಒಂದು ಹಳೆಯ ಮನೆಯ ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ತೂಗುತ್ತಿತ್ತು. ಯಜಮಾನರು ಒಳಗೆ ಕರೆದು ಕೂರಿಸಿದರು, ಕಾಫಿ ಕೊಟ್ಟರು. ನಾವು ಕತೆ ಬರೆಯುವವರೆಂದು ತಿಳಿದು ಖುಷಿಯಿಂದ ಮಾಸ್ತಿಯವರ ಮಾತು ತೆಗೆದರು. ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು, ಸಂಪಿನ ನೀರು ಎಲ್ಲ ಮಾತಾಯಿತು. ಕೊನೆಗೆ ಹೆಸರು ಕೇಳಿದರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪು ತಿಳ್ಕೋಬೇಡಿ. ನನಗೇನೂ ಇಲ್ಲ. ಅಕ್ಕಪಕ್ಕದವರು ಒಪ್ಪೋದಿಲ್ಲ" ಎಂದರು. ಗೇಟಿನ ತನಕ ಬಂದು ಬೀಳ್ಕೊಟ್ಟರು.

ಕಳೆದ ವರ್ಷ ಶಿವಮೊಗ್ಗದಿಂದ ನಮ್ಮ ಖಾಲಾ, ಅಂದರೆ ಚಿಕ್ಕಮ್ಮ, ಮೊಣಕಾಲಿನ ಚಿಕಿತ್ಸೆಗೆಂದು ಬಂದರು. ನಾವಿರುವುದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಅವರ ಮಗ ಮೊಬೈಲಿನಲ್ಲೇ ಮೂರು ದಿನಕ್ಕೆ ಒಂದು ಮನೆ ಗೊತ್ತು ಮಾಡಿದ. ವಿಳಾಸ ಹಿಡಿದು ಹೋದರೆ ಅದೇ ಗೇಟು, ಅದೇ ಮನೆ. ಬಾಗಿಲಿಗೆ ನಂಬರ್ ಒತ್ತುವ ಬೀಗ ಬಂದಿತ್ತು. ಖಾಲಾರ ಹೆಸರಿರುವ ಗುರುತಿನ ಚೀಟಿಯನ್ನು ಮೊದಲೇ ಕಳಿಸಿದ್ದರು. ಅದು ಯಾರಿಗೂ ಅಡ್ಡಿಯಾಗಿರಲಿಲ್ಲ. ಯಜಮಾನರು ಹೊರದೇಶದಲ್ಲಿ ಮಗನ ಮನೆಯಲ್ಲಿದ್ದಾರೆಂದು ಮನೆ ನೋಡಿಕೊಳ್ಳುವ ಹುಡುಗ ಹೇಳಿದ.

ನಾವು ಕಾಫಿ ಕುಡಿದಿದ್ದ ಜಾಗದಲ್ಲೇ ಖಾಲಾ ನಮಾಜು ಮಾಡಿದರು. ನಮಗೆ ಗೆದ್ದಂತೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೂರು ವರ್ಷಕ್ಕೆ ತೆರೆಯದ ಬಾಗಿಲು ಮೂರು ದಿನಕ್ಕೆ ತೆರೆದದ್ದು ಹೇಗೆ? ಮನಸ್ಸು ಬದಲಾಯಿತೇ, ಅಥವಾ ಹೋಗಿಬಿಡುವವರೆಂಬ ಧೈರ್ಯವೇ?

ಉತ್ತರ ಎದುರು ಮನೆಯ ಅಜ್ಜಿಯಿಂದ ಬಂತು. ಬೆಳಿಗ್ಗೆ ಖಾಲಾ ಗೇಟಿನ ಬಳಿ ನಿಂತಿದ್ದಾಗ ಅವರು ರಂಗೋಲಿ ಹಾಕುತ್ತಾ ತಲೆಯೆತ್ತಿ, "ನೀವೂ ಮೂರು ದಿನದವರಾ?" ಎಂದು ಕೇಳಿದರು. ಮಾತಿನಲ್ಲಿ ದ್ವೇಷವಿರಲಿಲ್ಲ, ಬೇಸರವಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ಹೋದರೆ ಒಂದು ವರ್ಷ ಬಾಗಿಲು ತೆರೆದವರು ಇನ್ನೊಂದು ವರ್ಷ ಇರುವುದಿಲ್ಲವಂತೆ. ಖಾಲಾರ ಹೆಸರನ್ನು ಅವರು ಕೇಳಲಿಲ್ಲ. ಕೇಳಿ ಏನು ಮಾಡುವುದು?

ಅಂದು ಹೆಸರು ಕೇಳಿದ್ದು ನಮಗೆ ನೋವು ಕೊಟ್ಟಿತ್ತು. ಇಂದು ಹೆಸರು ಬೇಡವಾದದ್ದನ್ನು ಸಮಾನತೆ ಎಂದು ಕರೆಯೋಣವೇ? ನಾವು ಹಾಗೆ ಕರೆಯಲಾರೆವು. ಹಣಕ್ಕೆ ಜಾತಿಯಿಲ್ಲ, ನಿಜ. ಆದರೆ ಅದಕ್ಕೆ ನೆರೆಹೊರೆಯೂ ಇಲ್ಲ.

ತಿಥಿ ನೋಡದೆ ಬರುವವನು ಅತಿಥಿ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಈಗಿನ ಅತಿಥಿ ತಿಥಿ, ಗಂಟೆ ಎರಡನ್ನೂ ಬರೆಸಿ, ದುಡ್ಡು ಕಟ್ಟಿ ಬರುತ್ತಾನೆ. ಉರ್ದು ಶಾಲೆಯಲ್ಲಿ ಕಲಿತ ಇನ್ನೊಂದು ಪದ 'ಹಮ್‌ಸಾಯಾ'. ನೆರೆಯವನು ಎಂದರ್ಥ, ಬಿಡಿಸಿದರೆ ಒಂದೇ ನೆರಳಿನಲ್ಲಿರುವವನು. ಅತಿಥಿಯ ಹಕ್ಕು ಮೂರು ದಿನ, ಅದರ ಮೇಲಿನದು ದಾನ ಎಂದು ಪ್ರವಾದಿಯವರ ಬೋಧನೆ ಹೇಳುತ್ತದೆ. ನೆರೆಯವನ ಹಕ್ಕಿಗೆ ಮಾತ್ರ ಅಂಥ ಗಡುವಿಲ್ಲ. ಅತಿಥಿಯನ್ನು ಮೂರು ದಿನ ಸಹಿಸಬಹುದು. ನೆರೆಯವನ ಮಗುವಿನ ಅಳು, ಒಗ್ಗರಣೆಯ ವಾಸನೆ, ಹಬ್ಬ, ಸಾವು ಎಲ್ಲವನ್ನೂ ವರ್ಷಾನುಗಟ್ಟಲೆ ಹಂಚಿಕೊಳ್ಳಬೇಕು. ಧರ್ಮದ ಪರೀಕ್ಷೆ ಅಲ್ಲಿದೆ.

ಇದು ತ್ಯಾಗರಾಜನಗರ ಒಂದರ ಮಾತಲ್ಲ. ಇಟಲಿಯ ವೆನಿಸ್ ನಗರವನ್ನು ನೋಡಲು ಲೋಕವೇ ಹೋಗುತ್ತದೆ. ಅದರ ಹಳೆಯ ಭಾಗದಲ್ಲಿ 1951ರ ಹೊತ್ತಿಗೆ ಸುಮಾರು ಒಂದೂಮುಕ್ಕಾಲು ಲಕ್ಷ ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಕಾರಣಗಳು ಹಲವು, ಪ್ರವಾಸಿಗೆ ದಿನದ ಲೆಕ್ಕದಲ್ಲಿ ಮನೆ ಕೊಟ್ಟರೆ ಹೆಚ್ಚು ಹಣ ಬರುತ್ತದೆಂಬುದೂ ಅವುಗಳಲ್ಲೊಂದು. ಫ್ಲಾರೆನ್ಸ್ ನಗರ 2023ರಲ್ಲಿ ತನ್ನ ಹಳೆಯ ಪೇಟೆಯಲ್ಲಿ ಇಂಥ ಹೊಸ ಮನೆಗಳಿಗೆ ತಡೆ ಹಾಕಿತು. ಊರಿನ ಚೆಲುವನ್ನು ನೋಡಲು ಬಂದವರು ಊರಿನವರಿಗೇ ಜಾಗವಿಲ್ಲದಂತೆ ಮಾಡಿದರೆ ಉಳಿಯುವುದು ಊರಲ್ಲ, ಅದರ ಚಿತ್ರ.

ಇಟಲಿಯವರೆಗೆ ಹೋಗಿ ನ್ಯಾಯ ಹೇಳುವ ನಾವು ನಮ್ಮ ಲೆಕ್ಕವನ್ನೂ ಒಪ್ಪಿಸಬೇಕು. ಮದುವೆಯಾದ ಹೊಸದರಲ್ಲಿ, 2008ರಲ್ಲಿ, ಹಂಪಿಗೆ ಹೋಗಿ ಬಜಾರಿನ ಹತ್ತಿರದ ಮನೆಯೊಂದರ ಕೋಣೆಯಲ್ಲಿ ಎರಡು ರಾತ್ರಿ ಇದ್ದೆವು. ಮನೆಯಾಕೆ ಕೋಣೆಯನ್ನು ನಮಗೆ ಬಿಟ್ಟು ಮಕ್ಕಳೊಂದಿಗೆ ಜಗಲಿಯಲ್ಲಿ ಮಲಗಿದಳು. ಹೊರಡುವಾಗ ಜೋಳದ ರೊಟ್ಟಿ ಕಟ್ಟಿಕೊಟ್ಟು ಅದರ ದುಡ್ಡು ಬೇಡವೆಂದಳು. ಆಗ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪಗಳಲ್ಲಿ ಸಂಸಾರಗಳಿದ್ದವು, ಅಂಗಡಿಗಳಿದ್ದವು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ಸ್ಮಾರಕ ಉಳಿಸಬೇಕೆಂದು 2011ರ ಜುಲೈನಲ್ಲಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದರು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ವಸತಿಗೃಹಗಳೂ ನೆಲಸಮವಾದವು. ಕಲ್ಲು ಉಳಿಯಬೇಕು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಎರಡೂ ಸಲ ಪತ್ರಿಕೆಯಲ್ಲಿ ಸುದ್ದಿ ಓದಿ ಮಡಿಸಿಟ್ಟೆವು. ರೊಟ್ಟಿ ಕೊಟ್ಟವಳು ಎಲ್ಲಿಗೆ ಹೋದಳೆಂದು ಕೇಳಲಿಲ್ಲ. ಅವಳ ಹೆಸರೇ ನಮಗೆ ಗೊತ್ತಿರಲಿಲ್ಲ. ನಾವೂ ಅವಳಿಗೆ ಎರಡು ದಿನದವರಾಗಿದ್ದೆವು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಮ್ಮ ಮೊಹಲ್ಲಾದಲ್ಲಿ ಅಬ್ಬಾನ ಮನೆಯ ಮೇಲಿನ ಭಾಗ ಖಾಲಿಯಿದ್ದಾಗ ಗಂಡನನ್ನು ಬಿಟ್ಟು ಬಂದ ನರ್ಸ್ ಒಬ್ಬಳು ಮನೆ ಕೇಳಿಕೊಂಡು ಬಂದಳು. ನಮ್ಮವಳೇ, ನಮ್ಮ ಜಮಾತಿನವಳೇ. ಅಮ್ಮಿ ಚಹಾ ಕೊಟ್ಟರು. "ಬುರಾ ಮತ್ ಮಾನೋ ಬೇಟಿ, ನಾಲ್ಕು ಜನ ಏನಂತಾರೆ" ಎಂದರು. ನಾವು ಅಲ್ಲೇ ಇದ್ದೆವು, ಬಾಯಿ ಬಿಡಲಿಲ್ಲ. ತ್ಯಾಗರಾಜನಗರದ ಯಜಮಾನರ ಅಕ್ಕಪಕ್ಕದವರೂ ನಮ್ಮ ಅಮ್ಮಿಯ ನಾಲ್ಕು ಜನರೂ ಒಂದೇ ಮನೆತನದವರು. ಅವರನ್ನು ಕಣ್ಣಾರೆ ಕಂಡವರಿಲ್ಲ. ಎಲ್ಲ ಬಾಗಿಲ ಅಗುಳಿಯೂ ಅವರ ಕೈಯಲ್ಲಿದೆ.

ಮೂರನೆಯ ದಿನ ಖಾಲಾ ಒಂದು ಡಬ್ಬಿ ಶಾವಿಗೆ ಪಾಯಸ ಮಾಡಿ, ಕೋಲೂರಿಕೊಂಡು ರಸ್ತೆ ದಾಟಿ ಎದುರು ಮನೆಗೆ ಹೋದರು. ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನಾವು ಅಳುಕಿದೆವು. ಅಜ್ಜಿ, "ನಾವು ಹೊರಗಿನದು ತಿನ್ನಲ್ಲಮ್ಮ" ಎಂದು ಕೈ ಮುಗಿದರು. ಆಮೇಲೆ, "ಕಾಲು ನೋವು ಅಂತ ಕಾಣುತ್ತೆ, ಕೂತ್ಕೊಳ್ಳಿ" ಎಂದು ಜಗಲಿ ತೋರಿಸಿದರು. ಇಬ್ಬರೂ ಅರ್ಧ ಗಂಟೆ ಮೊಣಕಾಲಿನ ಕಷ್ಟ ಹೇಳಿಕೊಂಡರು. ಏಳುವಾಗ ಅಜ್ಜಿ ಕೇಳಿದರು: "ನಿಮ್ಮ ಹೆಸರೇನಮ್ಮ?"

ಅದೇ ಪ್ರಶ್ನೆ. ಆದರೆ ಬಾಗಿಲು ಮುಚ್ಚುವುದಕ್ಕಾಗಿ ಕೇಳಿದ್ದಲ್ಲ. ಹೊರದೇಶದಲ್ಲಿರುವ ಆ ಯಜಮಾನರ ಹೆಸರನ್ನೂ ಯಾರಾದರೂ ಹೀಗೆಯೇ ಕೇಳಲಿ ಎಂದು ನಾವು ಮನಸ್ಸಿನಲ್ಲೇ ಹಾರೈಸಿದೆವು. ಅಬ್ಬಾನ ಮನೆಯ ಮೇಲಿನ ಭಾಗ ಮುಂದಿನ ತಿಂಗಳು ಮತ್ತೆ ಖಾಲಿಯಾಗುತ್ತದೆ. ಈ ಸಲ ಯಾರು ಬಂದರೂ ಮಾತನಾಡುವುದು ನಾವು, ನಾಲ್ಕು ಜನರಲ್ಲ.